ಊಟ ಆಯ್ತಾ?

ರೇಷ್ಮೆಹುಳು ನಾಲ್ಕನೇ ಜ್ವರ ಎದ್ದ ಮೇಲೆ, ಅಂದರೆ ನಾಲ್ಕನೇ ಸಲ ಪೊರೆ ಕಳಚಿದ ಮೇಲೆ, ನಮ್ಮ ಕಡೆ ಯಾರ ಮನೆಯಲ್ಲೂ ಸರಿಯಾಗಿ ನಿದ್ದೆ ಮಾಡುವುದಿಲ್ಲ. ಅಲ್ಲಿಂದ ಹಣ್ಣಾಗಿ ಗೂಡು ಕಟ್ಟಲು ತಯಾರಾಗುವವರೆಗಿನ ಏಳೆಂಟು ದಿನದಲ್ಲೇ ಅದು ತನ್ನ ಜೀವಮಾನದ ಸೊಪ್ಪಿನಲ್ಲಿ ನೂರಕ್ಕೆ ಎಂಬತ್ತು ಪಾಲಿಗೂ ಹೆಚ್ಚು ತಿಂದು ಮುಗಿಸುತ್ತದೆ. ಸರಿರಾತ್ರಿ ಸೊಪ್ಪು ಕೊಟ್ಟು ಬಾಗಿಲಲ್ಲಿ ನಿಂತರೆ ಹಂಚಿನ ಮೇಲೆ ಜಡಿಮಳೆ ಬಿದ್ದ ಹಾಗೆ ಸದ್ದು. ಶಿಡ್ಲಘಟ್ಟ ತಾಲ್ಲೂಕಿನಲ್ಲಿ ಹುಟ್ಟಿದ ಮಕ್ಕಳಿಗೆ ಅದೇ ಜೋಗುಳ. ನಾನೂ ಅದರಲ್ಲೇ ಮಲಗಿ ಬೆಳೆದವನು. 2021ರಲ್ಲಿ ಹದಿನೇಳು ವರ್ಷದ ಸರ್ವಿಸ್ ಮುಗಿಸಿ ಹವಾಲ್ದಾರನಾಗಿ ಊರಿಗೆ ಬಂದೆ. ಬಂದ ಮೊದಲ ಬೆಳೆಯಲ್ಲೇ ಆ ಸದ್ದು ನನ್ನನ್ನು ಹುಳುಮನೆಯಿಂದ ಆಚೆಗೆ ಓಡಿಸಿತು. ಸ್ಟೇಷನ್ ಸಿಗದ ರೇಡಿಯೋ ಕರಕರ ಅನ್ನುತ್ತದಲ್ಲ, ನನ್ನ ಕಿವಿಗೆ ಹಾಗೆ ಕೇಳುತ್ತಿತ್ತು.

ಆ ರೇಡಿಯೋ ಎಲ್ಲಿಂದ ಬಂತು ಅಂತ ಹೇಳಬೇಕಾದರೆ ಹನ್ನೊಂದು ವರ್ಷ ಹಿಂದಕ್ಕೆ ಹೋಗಬೇಕು.

2010ರಲ್ಲಿ ನನ್ನನ್ನು ಒಂದು ಕೋರ್ಸಿಗೆ ಕಳಿಸಿದರು. ಯಾವ ಕೋರ್ಸು, ಎಲ್ಲಿ ಅನ್ನುವುದನ್ನು ಬರೆಯುವುದಿಲ್ಲ. ಕಾಡಿನಲ್ಲಿ ಒಬ್ಬಂಟಿಯಾಗಿ ಬದುಕುವುದು, ಹುಡುಕಿಕೊಂಡು ಬರುವವರ ಕೈಗೆ ಸಿಗದೆ ಓಡಾಡುವುದು, ಸಿಕ್ಕಿಬಿದ್ದರೆ ಬಾಯಿ ಬಿಡದೆ ಇರುವುದು, ಈ ಮೂರನ್ನು ಕಲಿಸುವ ಕೋರ್ಸು ಅಂದರೆ ಸಾಕು. ಕಾಡಿನ ಭಾಗದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಅರಳೀಕಟ್ಟೆಯ ಮೇಲೆ ಎಲ್ಲರಿಗೂ ಬೇಕಾಗಿರುವುದು ಅದೇ: ಹಾವು ಹಿಡಿದಿರಾ, ತಿಂದಿರಾ, ರುಚಿ ಹೆಂಗಿತ್ತು? ಹಿಡಿದೆವು, ತಿಂದೆವು, ಉಪ್ಪಿರಲಿಲ್ಲ. ಜಿಗಣೆಯೂ ಹಸಿವೂ ಕೋರ್ಸು ಮುಗಿದ ವಾರಕ್ಕೆ ಮರೆತುಹೋದವು.

ಮೂರನೆಯ ಭಾಗಕ್ಕೆ ಮೊದಲು ನಮ್ಮ ಉಸ್ತಾದರು ಕ್ಲಾಸು ತೆಗೆದುಕೊಂಡರು. 1949ರ ಮೂರನೇ ಜಿನೀವಾ ಒಪ್ಪಂದದ 17ನೇ ವಿಧಿಯ ಪ್ರಕಾರ ಯುದ್ಧಕೈದಿ ಹೇಳಲೇಬೇಕಾದದ್ದು ನಾಲ್ಕೇ: ಹೆಸರು, ರ‍್ಯಾಂಕು, ನಂಬರು, ಹುಟ್ಟಿದ ತಾರೀಕು. ಐದನೆಯದನ್ನು ಹೇಳಿದೆಯೋ, ಆರನೆಯದಕ್ಕೆ ಬಾಗಿಲು ತೆಗೆದ ಹಾಗೆ ಅಂದರು. ನಾನು ಕರ್ನಾಟಕದವನು ಅಂತ ಗೊತ್ತಾಗಿ ನನ್ನ ಕಡೆ ನೋಡಿಕೊಂಡೇ ಕಾರಿಯಪ್ಪನವರ ಮಗನ ಕಥೆ ಹೇಳಿದರು. 1965ರ ಯುದ್ಧದಲ್ಲಿ ಕೆ.ಸಿ. ಕಾರಿಯಪ್ಪನವರ ವಿಮಾನ ಬಿದ್ದು ಪಾಕಿಸ್ತಾನದ ಕೈಗೆ ಸಿಕ್ಕರು. ತಂದೆಯ ಹಳೆಯ ಪರಿಚಯಸ್ಥ, ಆಗ ಪಾಕಿಸ್ತಾನದ ಅಧ್ಯಕ್ಷರಾಗಿದ್ದ ಅಯೂಬ್ ಖಾನ್ ಬಿಟ್ಟುಬಿಡಲು ಮುಂದಾದರೂ ತಂದೆ ಒಪ್ಪಲಿಲ್ಲ. ಎಲ್ಲ ಕೈದಿಗಳೂ ನನ್ನ ಮಕ್ಕಳೇ ಅಂದರಂತೆ. 1972ರಲ್ಲಿ ರಾವಲ್ಪಿಂಡಿಯ ಕ್ಯಾಂಪಿನ ಗೋಡೆ ಕೊರೆದು ತಪ್ಪಿಸಿಕೊಂಡ ನಮ್ಮ ವಾಯುಪಡೆಯ ದಿಲೀಪ್ ಪರುಳ್ಕರ್ ಮತ್ತವರ ಇಬ್ಬರು ಜೊತೆಗಾರರ ಕಥೆಯನ್ನಂತೂ ಸಿನಿಮಾದಂತೆ ಹೇಳಿದರು. ಅಫ್ಘಾನ್ ಗಡಿಯ ಹತ್ತಿರದವರೆಗೂ ಹೋಗಿ, ಹಳೆಯ ನಕ್ಷೆ ನಂಬಿ ಲಂಡಿ ಖಾನಾಕ್ಕೆ ದಾರಿ ಕೇಳಿದರು. ಆ ರೈಲು ನಿಲ್ದಾಣ 1932ರಲ್ಲೇ ಮುಚ್ಚಿಹೋಗಿತ್ತು. ಕೇಳಿದ್ದೇ ತಪ್ಪಾಯಿತು, ಸಿಕ್ಕಿಬಿದ್ದರು. ‘ಒಂದು ಮಾತು, ಒಂದೇ ಒಂದು ಮಾತು’ ಅಂತ ಉಸ್ತಾದರು ಬೋರ್ಡಿನ ಮೇಲೆ ಸುಣ್ಣದ ಕಡ್ಡಿ ಕುಟ್ಟಿದರು.

ನಾನು ನೋಟ್ಸ್ ಬರೆದುಕೊಂಡೆ.

ಮೂರನೇ ರಾತ್ರಿ ನನ್ನನ್ನೂ ನನ್ನ ಬಡ್ಡಿಯನ್ನೂ ಒಂದು ತೊರೆಯ ಪಕ್ಕದಲ್ಲಿ ಹಿಡಿದರು. ಬಡ್ಡಿ ಅಂದರೆ ಫೌಜಿನಲ್ಲಿ ಜೋಡಿ. ಅವನು ಸಾತಾರಾ ಕಡೆಯವನು. ತಲೆಗೆ ಗೋಣಿಚೀಲ ಹಾಕಿದರು. ಆಲೂಗಡ್ಡೆ ತುಂಬಿದ್ದ ಚೀಲ, ಒಳಗೆ ಮಣ್ಣಿನ ವಾಸನೆ. ಆಮೇಲೆ ಒಂದು ಕೋಣೆ, ಗೋಡೆಗೆ ಎರಡು ಕೈ ಊರಿಕೊಂಡು ನಿಲ್ಲುವುದು, ಜಾರಿದರೆ ತಣ್ಣೀರು. ಎಲ್ಲೋ ಒಂದು ಕಡೆ ಸ್ಪೀಕರಿನಲ್ಲಿ ರೇಡಿಯೋದ ಕರಕರ, ನಿಲ್ಲದ ಕರಕರ.

ಇದು ನಾಟಕ ಅಂತ ನನಗೆ ಗೊತ್ತಿತ್ತು. ಅದನ್ನು ಒತ್ತಿ ಹೇಳಬೇಕು, ಯಾಕೆಂದರೆ ಆಮೇಲೆ ಎಲ್ಲರೂ ನನಗೆ ಹೇಳಿದ್ದು ಅದನ್ನೇ. ಪಕ್ಕದ ಕೋಣೆಯಲ್ಲಿ ಡಾಕ್ಟರ್ ಸಾಹೇಬರಿದ್ದರು, ಆಗಾಗ ಬಂದು ನಾಡಿ ನೋಡಿ ಹೋಗುತ್ತಿದ್ದರು. ‘ನನ್ನ ಕೈಲಾಗಲ್ಲ’ ಅಂದರೆ ಅಲ್ಲಿಗೆ ಮುಗಿಯಿತು. ಆರ್‌ಟಿಯು, ಅಂದರೆ ಗಂಟುಮೂಟೆ ಕಟ್ಟಿಕೊಂಡು ಯೂನಿಟ್ಟಿಗೆ ವಾಪಸ್. ಅಷ್ಟೇ ಶಿಕ್ಷೆ. ಮೊದಲ ಕೆಲವು ಗಂಟೆ ನಾನು ಒಳಗೊಳಗೇ ನಕ್ಕಿದ್ದೂ ಉಂಟು. ಗೋಡೆಯ ಆಚೆ ಬೈಯುತ್ತಿದ್ದವನ ದನಿ ನಮ್ಮ ಲಂಗರಿನ, ಅಂದರೆ ಫೌಜಿನ ಅಡುಗೆಮನೆಯ ಪಕ್ಕ ವಾಲಿಬಾಲ್ ಆಡುತ್ತಿದ್ದವನದು ಅಂತ ಗುರುತು ಹಿಡಿದಿದ್ದೆ. ಆದರೆ ಎಷ್ಟು ಹೊತ್ತಾಯಿತು ಅನ್ನುವ ಲೆಕ್ಕ ಒಂದು ಸಲ ತಪ್ಪಿತು ನೋಡಿ, ಅಲ್ಲಿಂದಾಚೆಗೆ ಗೊತ್ತಿರುವುದಕ್ಕೂ ಮೈಗೂ ಸಂಬಂಧ ಕಡಿದುಹೋಯಿತು. ತಲೆ ಹೇಳುತ್ತಿತ್ತು, ಇದು ಕೋರ್ಸು. ಮೊಣಕಾಲು ಕೇಳುತ್ತಿರಲಿಲ್ಲ.

ಮೊದಲ ವಿಚಾರಣೆಯಲ್ಲಿ ಹಿಂದಿಯಲ್ಲಿ ಕೂಗಾಡಿದರು. ನಾಲ್ಕು ಮಾತು ಹೇಳಿದೆ. ಎರಡನೆಯದರಲ್ಲಿ ಒಂದು ಕಾಗದಕ್ಕೆ ಸಹಿ ಹಾಕು ಅಂದರು. ಹಾಕಲಿಲ್ಲ. ಹೆಮ್ಮೆಯಾಗಿತ್ತು.

ಮೂರನೆಯ ಸಲ ಯಾರೂ ಎಳೆದಾಡಲಿಲ್ಲ. ಮೆಲ್ಲಗೆ ನಡೆಸಿಕೊಂಡು ಹೋಗಿ ಕುರ್ಚಿಯ ಮೇಲೆ ಕೂರಿಸಿದರು. ಚೀಲ ತೆಗೆದರು. ಸ್ಟೀಲ್ ಲೋಟದಲ್ಲಿ ಚಹಾ, ಅದರ ಶುಂಠಿ ವಾಸನೆ. ಎದುರಿಗಿದ್ದವನು ಕನ್ನಡದಲ್ಲಿ ಕೇಳಿದ:

‘ಊಟ ಆಯ್ತಾ?’

ನಾನು ಅತ್ತುಬಿಟ್ಟೆ. ಬಿಕ್ಕಿ ಬಿಕ್ಕಿ ಅತ್ತೆ. ಆಮೇಲೆ ಎಷ್ಟು ಹೊತ್ತು ಮಾತಾಡಿದೆನೋ ಗೊತ್ತಿಲ್ಲ. ಅಮ್ಮನ ಹೆಸರು ಹೇಳಿದೆ, ಅಪ್ಪನ ಹೆಸರು ಹೇಳಿದೆ, ಎರಡೆಕರೆ ಹಿಪ್ಪುನೇರಳೆ ತೋಟ, ಸಾವಿರದ ಇನ್ನೂರು ಅಡಿ ಕೊರೆಸಿಯೂ ನೀರು ಬಾರದ ಬೋರ್‌ವೆಲ್ಲು, ತಂಗಿಯ ಮದುವೆಯ ಸಾಲ, ಶಿಡ್ಲಘಟ್ಟದಿಂದ ನಮ್ಮೂರಿಗೆ ಎಲ್ಲಿ ತಿರುಗಬೇಕು ಅನ್ನುವುದು, ಎಲ್ಲ. ಅವನು ಹೂಂ, ಹೂಂ ಅನ್ನುತ್ತಿದ್ದ. ಆ ಮಾತಿನ ನಡುವೆ ಎಲ್ಲೋ, ನಮ್ಮ ಪಾರ್ಟಿಯ ಇನ್ನಿಬ್ಬರು ಹುಡುಗರು ಬೆಳಗಿನ ಜಾವ ಎಲ್ಲಿ ಬಂದು ಸೇರಬೇಕು ಅನ್ನುವ ಜಾಗವೂ ಬಾಯಿಂದ ಹೊರಬಿತ್ತು. ಹೇಳಿದ್ದು ನನಗೇ ತಿಳಿಯಲಿಲ್ಲ. ಬೆಳಗಾದ ಮೇಲೆ ಅವರಿಬ್ಬರನ್ನೂ ಪಕ್ಕದ ಕೋಣೆಗೆ ತಂದು, ನನ್ನ ಕಿವಿಗೆ ಬೀಳುವ ಹಾಗೆ ರಗಡಾ ಕೊಟ್ಟರು, ಅಂದರೆ ಮೈ ದಂಡಿಸಿದರು. ಆಗ ತಿಳಿಯಿತು.

ಅವತ್ತು ಮಧ್ಯಾಹ್ನ ಸೀಟಿ ಊದಿ ‘ಎಕ್ಸರ್‌ಸೈಜ್ ಖತಂ’ ಅಂದರು. ಪೂರಿ, ಆಲೂ ಸಬ್ಜಿ. ಇಪ್ಪತ್ತು ನಿಮಿಷ ನಮ್ಮನ್ನು ಕೂರಿಸಿ, ಎಲ್ಲರೂ ಎಲ್ಲೋ ಒಂದು ಕಡೆ ಮುರಿಯುತ್ತಾರೆ, ಎಲ್ಲಿ ಮುರಿದಿರಿ ಅಂತ ನೆನಪಿಟ್ಟುಕೊಳ್ಳಿ, ನಿಜವಾಗಿ ಸಿಕ್ಕಿಬಿದ್ದಾಗ ಉಪಯೋಗಕ್ಕೆ ಬರುತ್ತದೆ ಅಂದರು. ಮಾತು ಸರಿಯೇ. ಆ ಹುಡುಗರಿಬ್ಬರೂ ನನ್ನ ಬೆನ್ನು ತಟ್ಟಿ ನಕ್ಕರು. ಯಾರಾದರೂ ಒಬ್ಬರು ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು ಅಂತ ಈಗಲೂ ಅನಿಸುತ್ತದೆ. ಚಹಾ ಹೊತ್ತಿನಲ್ಲಿ ದಪ್ಪ ಮೀಸೆಯ ಒಬ್ಬರ ಹತ್ತಿರ ಹೋಗಿ, ‘ಸರ್, ನೀವು ಯಾವ ಊರು?’ ಅಂತ ಕನ್ನಡದಲ್ಲಿ ಕೇಳಿದೆ. ಅವರು ‘ಕ್ಯಾ?’ ಅಂದರು. ಗಢವಾಲಿನವರು, ಸ್ಟೋರ್ ನೋಡಿಕೊಳ್ಳುವವರು, ಆ ಕೋಣೆಗೆ ಕಾಲೇ ಇಟ್ಟವರಲ್ಲ. ನನಗೋ ಆ ಮುಖವೇ ಎದುರಿಗೆ ಕೂತಿತ್ತು ಅನ್ನುವುದರಲ್ಲಿ ಎಳ್ಳಷ್ಟೂ ಅನುಮಾನ ಇರಲಿಲ್ಲ.

ಊರಿನಿಂದ ದೂರ ಇರುವ ಮಗನಿಗೆ ಫೋನ್ ಮಾಡಿದ ತಾಯಿ ಮೊದಲು ಏನು ಕೇಳುತ್ತಾಳೆ ಅಂತ ಕನ್ನಡದವರಿಗೆ ನಾನು ಹೇಳಬೇಕಾಗಿಲ್ಲ. ಕೋರ್ಸ್ ಮುಗಿದ ಮೇಲೆ ಅಮ್ಮ ಮೊದಲ ಸಲ ‘ಊಟ ಆಯ್ತೇನೋ?’ ಅಂದಾಗ ಬೆನ್ನು ತಣ್ಣಗಾಗಿ ಫೋನ್ ಇಟ್ಟುಬಿಟ್ಟೆ. ಸಿಗ್ನಲ್ ಇರಲಿಲ್ಲ ಅಂತ ಸುಳ್ಳು ಹೇಳಿದೆ. ಆ ಸುಳ್ಳು ಒಂದು ದಶಕ ನಡೆಯಿತು. ದುಡ್ಡು ಕಳಿಸುತ್ತಿದ್ದೆ, ಫೋನ್ ಮಾಡುತ್ತಿರಲಿಲ್ಲ. ಸೊಸೆ ಬಂದ ಮೇಲೆ ಮಗ ದೂರ ಆದ ಅಂತ ಅಮ್ಮ ಅಂದುಕೊಂಡಳು. ಪಾಪ, ನನ್ನಾಕೆ ಇಲ್ಲದ ತಪ್ಪಿಗೆ ಮಾತು ಕೇಳಿಸಿಕೊಂಡಳು.

ಯಾಕೆ ಡಾಕ್ಟರಿಗೆ ಹೇಳಲಿಲ್ಲ ಅಂತ ಕೇಳುವವರು ಫೌಜಿನಲ್ಲಿ ಇದ್ದವರಲ್ಲ. ನಮ್ಮ ಮೆಡಿಕಲ್ ಕೆಟಗರಿಗೆ ‘ಶೇಪ್’ ಅಂತಾರೆ, ಅದರ ಮೊದಲ ಅಕ್ಷರವೇ ಮನಸ್ಸಿನದು. ಶೇಪ್ ಒನ್ ಇದ್ದರೆ ಪ್ರಮೋಷನ್ನು, ಒಳ್ಳೆಯ ಪೋಸ್ಟಿಂಗು. ಮೊದಲ ಅಕ್ಷರಕ್ಕೇ ಕಲೆ ಬಿದ್ದರೆ ಉಳಿದದ್ದನ್ನು ಯಾರು ನೋಡುತ್ತಾರೆ? ಅದಕ್ಕಿಂತ ದೊಡ್ಡದು ಇನ್ನೊಂದು. ಗುಂಡು ತಿಂದವನು ಹೇಳಿಕೊಳ್ಳಬಹುದು. ಸಿಯಾಚಿನ್‌ನಲ್ಲಿ ಬೆರಳು ಕಳಕೊಂಡವನು ಹೇಳಿಕೊಳ್ಳಬಹುದು. ಚಹಾ ಕೊಟ್ಟು ಊಟ ಆಯ್ತಾ ಅಂತ ಕೇಳಿದರು, ಅದಕ್ಕೇ ನಿದ್ದೆ ಬರುತ್ತಿಲ್ಲ ಅಂತ ಯಾವ ಬಾಯಲ್ಲಿ ಹೇಳಲಿ?

2019ರ ಫೆಬ್ರವರಿ 27ರಂದು ಬ್ಯಾರಕ್ಕಿನ ಟೀವಿ ಮುಂದೆ ಎಲ್ಲರೂ ಸೇರಿದ್ದೆವು. ಪಾಕಿಸ್ತಾನದ ಕೈಗೆ ಸಿಕ್ಕಿದ್ದ ವಿಂಗ್ ಕಮಾಂಡರ್ ಅಭಿನಂದನ್ ಕೈಯಲ್ಲಿ ಚಹಾ ಲೋಟ. ಭಾರತದಲ್ಲಿ ಯಾವ ಕಡೆಯವರು ಅಂತ ಅತ್ತ ಕಡೆಯವರು ಕೇಳಿದರು. ದಕ್ಷಿಣದವನು ಅಂದರು, ಅಷ್ಟೇ. ಯಾವ ವಿಮಾನ, ಏನು ಕೆಲಸ ಅಂತ ಕೇಳಿದ್ದಕ್ಕೆ ಹೇಳುವ ಹಾಗಿಲ್ಲ ಅಂದರು. ಚಹಾ ಚೆನ್ನಾಗಿದೆ ಅಂದರು. ಬ್ಯಾರಕ್ಕೆಲ್ಲ ಶಿಳ್ಳೆ. ನಾನು ಎದ್ದು ಲಂಗರಿನ ಹಿಂದೆ ಹೋಗಿ ವಾಂತಿ ಮಾಡಿಕೊಂಡೆ. ಅವರು ನಿಜವಾದ ಶತ್ರುವಿನ ಎದುರು, ಮುಖದ ಮೇಲೆ ರಕ್ತ ಇಟ್ಟುಕೊಂಡು, ದಕ್ಷಿಣ ಅನ್ನುವುದರಾಚೆ ಒಂದು ಹೆಜ್ಜೆ ಇಡಲಿಲ್ಲ. ನಾನು ನಾಟಕದ ಶತ್ರುವಿಗೆ ನಮ್ಮೂರಿನ ತಿರುವಿನವರೆಗೂ ದಾರಿ ತೋರಿಸಿದ್ದೆ.

ಇನ್ನು 2023ರ ಬೇಸಿಗೆ. ಹುಳು ಐದನೇ ಹಂತದಲ್ಲಿತ್ತು. ಹುಳುಮನೆ ಒಳಗೆ ಒಬ್ಬನೇ ಸೊಪ್ಪು ಕೊಡುತ್ತಿದ್ದೆ. ಸೊಪ್ಪು ತುಂಬಿ ತಂದ ಒದ್ದೆ ಗೋಣಿಚೀಲ ಪಕ್ಕದಲ್ಲಿತ್ತು. ಕರಕರ ಸದ್ದು. ಹಿಂದಿನಿಂದ ಅಮ್ಮ ಬಂದದ್ದು ಗೊತ್ತಾಗಲಿಲ್ಲ. ‘ಊಟ ಆಯ್ತೇನೋ?’ ಅಂದಳು. ಆಮೇಲೆ ನನಗೆ ನೆನಪಿರುವುದು, ಅವಳ ಮುಂಗೈ ನನ್ನ ಹಿಡಿಯಲ್ಲಿದ್ದದ್ದು, ನೆಲದ ಮೇಲೆ ಹಸಿರು ಬಳೆಯ ಚೂರು, ನಾನು ನನ್ನ ಆರ್ಮಿ ನಂಬರನ್ನು ಜೋರಾಗಿ ಹೇಳುತ್ತಿದ್ದದ್ದು. ಮಾರನೆಯ ದಿನ ಅಮ್ಮ ಬೆಳಿಗ್ಗೆಯೇ ಸಂತೆಗೆ ಹೋಗಿ ಬಳೆ ತೊಡಿಸಿಕೊಂಡು ಬಂದಳು. ಅಪ್ಪ ಕೇಳಿದ್ದಕ್ಕೆ ಹುಳುಮನೆಯ ತಂಡಿಕೆ ತಗುಲಿ ಒಡೆಯಿತು ಅಂದಳಂತೆ.

ನನ್ನಾಕೆ ಸುಮ್ಮನಿರಲಿಲ್ಲ. ಆಸ್ಪತ್ರೆಯ ಗೋಡೆಯ ಮೇಲೆ ನೋಡಿದ್ದ, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್ ನಂಬರು, 14416, ಅದಕ್ಕೆ ಅವಳೇ ಫೋನ್ ಹಚ್ಚಿ ನನ್ನ ಕೈಗೆ ಕೊಟ್ಟಳು. ‘ಮಾತಾಡ್ರೀ. ಇಲ್ಲಾಂದ್ರೆ ನಾನೂ ಮಕ್ಳೂ ಕೈವಾರದಲ್ಲಿ ನಮ್ಮಮ್ಮನ ಮನೇಲಿರ್ತೀವಿ.’ ಆ ಕಡೆಯ ಹೆಣ್ಣುಮಗಳು ಮೊದಲು ಕೇಳಿದ್ದು, ಈಗ ನೀವು ಸುರಕ್ಷಿತವಾಗಿದ್ದೀರಾ ಅಂತ. ಪುಣ್ಯಕ್ಕೆ ಊಟದ ವಿಷಯ ಎತ್ತಲಿಲ್ಲ. ತಾಲ್ಲೂಕು ಆಸ್ಪತ್ರೆಗೆ ಮಂಗಳವಾರ ಮನೋವೈದ್ಯರು ಬರುತ್ತಾರೆ, ಹೋಗಿ ಅಂದಳು.

ಮಂಗಳವಾರದ ಡಾಕ್ಟರು ಫಾರ್ಮಿನ ಪ್ರಕಾರ ಕೇಳಿದರು: ಪ್ರಾಣಕ್ಕೆ ಅಪಾಯ ಇತ್ತಾ? ಇಲ್ಲ ಸರ್, ಪಕ್ಕದ ಕೋಣೆಯಲ್ಲಿ ಡಾಕ್ಟರಿದ್ದರು. ಯಾರಾದರೂ ಸತ್ತದ್ದನ್ನು ನೋಡಿದಿರಾ? ಇಲ್ಲ. ಅವರು ಪೆನ್ನು ಕೆಳಗಿಟ್ಟರು. ಪುಸ್ತಕದಲ್ಲಿ ನಿಮ್ಮ ಕಾಯಿಲೆಗೆ ಹೊಂದುವ ಹೆಸರು ಹುಡುಕುತ್ತಾ ಕೂರುವುದು ಬೇಡ, ಹೆಸರಿಲ್ಲದಿದ್ದರೂ ಔಷಧಿ ಇದೆ ಅಂದರು. ಆ ಮಾತಿಗೆ ಅವರ ಕಾಲು ಮುಟ್ಟಬೇಕು ಅನಿಸಿತು. ಸರ್ಟ್ರಲೀನ್ ಮಾತ್ರೆ ಬರೆದುಕೊಟ್ಟರು. ಮಾಜಿ ಸೈನಿಕರ ಪಾಲಿಕ್ಲಿನಿಕ್ಕಿನ ಚೀಟಿ, ಸೀಲು, ಮತ್ತೊಂದು ಚೀಟಿ ಇವೆಲ್ಲ ಮುಗಿಸಿ, ವಾರಕ್ಕೊಂದು ಸಲ ವಿಜಯಪುರ, ದೇವನಹಳ್ಳಿ ಮೇಲೆ ಬೆಂಗಳೂರಿಗೆ ಬಸ್ಸು ಹತ್ತುವುದು ಶುರುವಾಯಿತು. ಊರಲ್ಲಿ ಗೂಡಿನ ರೇಟು ವಿಚಾರಿಸಲು ಹೋಗ್ತೀನಿ ಅಂತ ಹೇಳಿದ್ದೆ. ಏಷ್ಯಾದಲ್ಲೇ ಹೆಸರಾದ ಗೂಡಿನ ಮಾರುಕಟ್ಟೆ ಶಿಡ್ಲಘಟ್ಟದಲ್ಲೇ ಇರುವಾಗ ಬೆಂಗಳೂರಿಗೆ ಯಾಕೆ ಹೋಗ್ತಾನೆ ಅಂತ ಯಾರೂ ಕೇಳಲಿಲ್ಲ. ಗೊತ್ತಿದ್ದೂ ಕೇಳಲಿಲ್ಲವೋ ಏನೋ.

ಅಲ್ಲಿ ನನಗೆ ಚಿಕಿತ್ಸೆ ಕೊಡುತ್ತಿದ್ದ ಮೇಡಂ ನನಗಿಂತ ಹತ್ತು ವರ್ಷ ಚಿಕ್ಕವರು. ಮೀಸೆಯವರ ಕಥೆ ಹೇಳಿ, ನನಗೆ ಆಗಲೇ ತಲೆ ಕೆಟ್ಟಿತ್ತಾ ಮೇಡಂ ಅಂತ ಕೇಳಿದೆ. ಅವರು ನಕ್ಕು, ಯೇಲ್ ವಿಶ್ವವಿದ್ಯಾಲಯದ ಮನೋವೈದ್ಯ ಚಾರ್ಲ್ಸ್ ಮಾರ್ಗನ್ ಮತ್ತವರ ತಂಡ 2004ರಲ್ಲಿ ಪ್ರಕಟಿಸಿದ ಒಂದು ಅಧ್ಯಯನದ ಬಗ್ಗೆ ಹೇಳಿದರು. ಅಮೆರಿಕದ ಇಂಥದ್ದೇ ತರಬೇತಿಯಲ್ಲಿದ್ದ ಐನೂರಕ್ಕೂ ಹೆಚ್ಚು ಸೈನಿಕರಿಗೆ, ಕಠಿಣ ವಿಚಾರಣೆ ಆದ ಒಂದು ದಿನದ ಮೇಲೆ, ನಿನ್ನನ್ನು ವಿಚಾರಿಸಿದವರು ಯಾರು ತೋರಿಸು ಅಂದರೆ ಅರ್ಧಕ್ಕಿಂತ ಹೆಚ್ಚು ಜನಕ್ಕೆ ಆಗಲಿಲ್ಲವಂತೆ. ಅರ್ಧ ಗಂಟೆಗೂ ಹೆಚ್ಚು ಎದುರಾ ಎದುರು ಕೂತಿದ್ದವರನ್ನೇ! ಮೆತ್ತಗಿನ ಮಾತು ನನ್ನನ್ನು ಯಾಕೆ ಕೆಡವಿತು ಅನ್ನುವುದಕ್ಕೆ ಎರಡನೇ ಮಹಾಯುದ್ಧದ ಜರ್ಮನ್ ವಿಚಾರಣಾಧಿಕಾರಿ ಹಾನ್ಸ್ ಶಾರ್ಫ್ ಬಗ್ಗೆ ಹೇಳಿದರು. ಅವನು ಕೈದಿ ಪೈಲಟ್ಟುಗಳ ಮೇಲೆ ಕೈ ಎತ್ತುತ್ತಿರಲಿಲ್ಲ, ಕಾಡಿನಲ್ಲಿ ವಾಕಿಂಗ್ ಕರೆದುಕೊಂಡು ಹೋಗುತ್ತಿದ್ದ. ಯುದ್ಧ ಮುಗಿದ ಮೇಲೆ ಅಮೆರಿಕದವರೇ ಅವನನ್ನು ಕರೆಸಿ ಪಾಠ ಹೇಳಿಸಿಕೊಂಡರು.

ಇದನ್ನೆಲ್ಲ ಕೇಳಿ ಸಮಾಧಾನ ಆಗಬೇಕಿತ್ತು. ನನಗೆ ಸಿಟ್ಟು ಬಂತು. 2004ರಲ್ಲೇ ಜಗತ್ತಿಗೆ ಗೊತ್ತಿತ್ತು. 2010ರಲ್ಲಿ ನಮಗೆ ಕೊಟ್ಟದ್ದು ಇಪ್ಪತ್ತು ನಿಮಿಷ ಮತ್ತು ಪೂರಿ. ವಾಪಸ್ ಬರುವ ಬಸ್ಸಿನಲ್ಲಿ ಮೊಬೈಲಿನಲ್ಲಿ ಓದುತ್ತಾ ಹೋದರೆ ಇನ್ನೂ ಹೊಲಸು ಸಿಕ್ಕಿತು. ಅಮೆರಿಕದವರು ತಮ್ಮ ಹುಡುಗರಿಗೆ ತಡೆದುಕೊಳ್ಳುವುದನ್ನು ಕಲಿಸಲು ಮಾಡಿದ ಇದೇ ಪಾಠವನ್ನು, 2001ರ ನಂತರ ತಾವು ಹಿಡಿದ ಕೈದಿಗಳ ಮೇಲೆ ತಿರುಗಿಸಿದ್ದರು. ಅವರದೇ ಸೆನೆಟ್ ಸಮಿತಿ 2008ರಲ್ಲಿ ಅದನ್ನು ಬರೆದಿಟ್ಟಿದೆ. ಇಷ್ಟಾದರೂ ಈ ತರಬೇತಿ ಬೇಡ ಅಂತ ನಾನು ಹೇಳುವುದಿಲ್ಲ. ಸಿಕ್ಕಿಬೀಳುವ ಹುಡುಗನಿಗೆ ಚೀಲದ ವಾಸನೆ ಮೊದಲೇ ಗೊತ್ತಿರಬೇಕು. ಆದರೆ ಚೀಲ ಹಾಕಲು ಮೂರು ದಿನ ಇದ್ದ ಮೇಲೆ ತೆಗೆಯಲೂ ಮೂರು ದಿನ ಇಡಬೇಕು.

ಚಿಕಿತ್ಸೆ ಅಂದರೆ ಇಷ್ಟೇ: ಕಣ್ಣು ಮುಚ್ಚಿಕೊಂಡು, ಆ ರಾತ್ರಿಯನ್ನು ಈಗ ನಡೆಯುತ್ತಿದೆ ಅನ್ನುವ ಹಾಗೆ ಹೇಳುವುದು. ಮುಗಿದರೆ ಮತ್ತೆ ಮೊದಲಿಂದ. ಅದನ್ನು ಫೋನಿನಲ್ಲಿ ರೆಕಾರ್ಡ್ ಮಾಡಿ, ಮನೆಯಲ್ಲಿ ದಿನಾ ಕೇಳಿಸಿಕೊಳ್ಳಬೇಕು. ಸಂಕಟಕ್ಕೆ ಸೊನ್ನೆಯಿಂದ ನೂರರವರೆಗೆ ನಾನೇ ಮಾರ್ಕ್ಸ್ ಕೊಟ್ಟುಕೊಳ್ಳಬೇಕು. ಮೊದಲ ದಿನ 95. ತೋಟದ ಬದುವಿನ ಮೇಲೆ ಇಯರ್‌ಫೋನ್ ಹಾಕಿಕೊಂಡು ನನ್ನ ಅಳುವನ್ನು ನಾನೇ ಕೇಳಿಸಿಕೊಳ್ಳುತ್ತಾ ಕೂತಿದ್ದಾಗ ಊರವರು ಹಾಡು ಕೇಳ್ತಾವ್ನೆ ಅಂದುಕೊಂಡರು. ಎರಡು ಸಲ ಅರ್ಧಕ್ಕೆ ಬಿಟ್ಟುಬಿಡೋಣ ಅಂತ ದೇವನಹಳ್ಳಿಯಲ್ಲೇ ಇಳಿದು ವಾಪಸ್ ಬಂದದ್ದೂ ಉಂಟು.

ಐದನೆಯದೋ ಆರನೆಯದೋ ವಾರ, ಚಹಾ ಲೋಟದ ಹತ್ತಿರ ಬಂದಾಗ ಮೇಡಂ ತಡೆದರು. ‘ಅವರು ಹೇಳಿದ ಹಾಗೇ ಹೇಳಿ. ಅವರ ದನಿಯಲ್ಲೇ.’ ಬಾಯಿ ತೆರೆದೆ. ಬಾಯಿಂದ ಬಂದದ್ದು ‘ಊಟ ಆಯ್ತಾ’ ಅಲ್ಲ.

‘ಊಟಾ ಆತೇನಪಾ?’

ನಾನೇ ಬೆಚ್ಚಿಬಿದ್ದೆ. ಅದು ನಮ್ಮ ಕಡೆಯ ಮಾತೇ ಅಲ್ಲ. ಧಾರವಾಡವೋ ಬೆಳಗಾವಿಯೋ, ಆ ಕಡೆಯದು. ಹದಿಮೂರು ವರ್ಷ ಅದನ್ನು ನಾನು ಕೇಳಿಸಿಕೊಂಡದ್ದು ನಮ್ಮಮ್ಮನ ಕನ್ನಡದಲ್ಲಿ. ಯಾವಾಗ ಅವನ ಮಾತು ಕಳಚಿ ಅಲ್ಲಿ ಅಮ್ಮನ ಮಾತು ಬಂದು ಕೂತಿತೋ!

ಅವತ್ತು ರಾತ್ರಿ ಸಾತಾರಾಕ್ಕೆ ಫೋನ್ ಮಾಡಿದೆ. ಬಡ್ಡಿ ಈಗ ಒಂದು ಸಕ್ಕರೆ ಕಾರ್ಖಾನೆಯ ಗೇಟಿನಲ್ಲಿ ಸೆಕ್ಯುರಿಟಿ. ಮಾತು ಆ ಕೋಣೆಗೆ ಬಂದಾಗ ಅವನು ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ ಹೇಳಿದ, ‘ನನ್ನನ್ನು ಮರಾಠಿಯಲ್ಲಿ ಕೇಳಿದ. ಜೇವ್ಲಾಸ್ ಕಾ, ಅಂತ.’ ಎರಡೂ ಭಾಷೆ ಬರುವವನು, ಬೆಳಗಾವಿ ಕಡೆಯ ಒಬ್ಬನೇ ಆಸಾಮಿ ಇದ್ದಿರಬೇಕು. ನೀನೂ ಹೇಳಿಬಿಟ್ಟೆಯಾ ಅಂತ ಕೇಳಿದೆ. ‘ನಿನಗಿಂತ ಮೊದಲೇ,’ ಅಂದ. ಆ ಹುಡುಗರಿಬ್ಬರ ಜಾಗ ಅವರಿಗೆ ಆಗಲೇ ಗೊತ್ತಿತ್ತು ಅಂತಾಯಿತು. ಇಬ್ಬರೂ ನಕ್ಕೆವು. ಅವನು ನಕ್ಕದ್ದು ಅಳುವಿನ ಹಾಗಿತ್ತು. ನಮ್ಮ ಟೆಲಿ-ಮಾನಸ್ ನಂಬರೇ ಅಲ್ಲೂ ನಡೆಯುತ್ತದೆ, ಬರೆದುಕೋ ಅಂದೆ. ಬರೆದುಕೊಂಡನೋ ಇಲ್ಲವೋ.

ಕೊನೆಯ ಹೋಂವರ್ಕು ಅಮ್ಮನದು. ದಿನಕ್ಕೆ ಹತ್ತು ಸಲ ಅವಳು ನನ್ನ ಎದುರಿಗೆ ನಿಂತು ಆ ಮಾತು ಕೇಳಬೇಕು, ನಾನು ಅಲ್ಲೇ ಇರಬೇಕು, ಮಗಳು ನೋಟ್‌ಬುಕ್ಕಿನಲ್ಲಿ ಮಾರ್ಕ್ಸ್ ಬರೆಯಬೇಕು. ಯಾಕೆ ಅಂತ ಅಮ್ಮನಿಗೆ ಅವತ್ತು ಮೊದಲ ಸಲ ಪೂರ್ತಿ ಹೇಳಿದೆ. ನಿನ್ನ ಹೆಸರನ್ನೂ ಹೇಳಿಬಿಟ್ಟೆ ಅಮ್ಮಾ ಅಂದೆ. ‘ನನ್ನೆಸ್ರು ರೇಷನ್ ಕಾರ್ಡ್‌ನಾಗೂ ಐತೆ ಬಿಡು,’ ಅಂದಳು.

ಮೊದಲ ದಿನ 70, 70, 65. ಬೆಳಿಗ್ಗೆ ಸೊಪ್ಪು ಕಡಿಯುವಾಗ ಕೇಳಿದಳು, ಹಿತ್ತಲಲ್ಲಿ ಕೇಳಿದಳು, ಹುಳುಮನೆಯ ಬಾಗಿಲಲ್ಲಿ ನಿಂತು, ಬಳೆ ಅಲ್ಲಾಡಿಸಿ ಸದ್ದು ಮಾಡಿ, ಆಮೇಲೆ ಕೇಳಿದಳು. ಮೂರನೇ ದಿನಕ್ಕೆ 40. ನಾಲ್ಕನೇ ದಿನ ಮಧ್ಯಾಹ್ನ, ಹಣ್ಣಾದ ಹುಳು ಆಯ್ದು, ಗೂಡು ಕಟ್ಟಲು ಚಂದ್ರಿಕೆಗೆ ಬಿಡುವ ಗಡಿಬಿಡಿ. ಮೊಮ್ಮಗಳು ಇನ್ನೂ ಆರು ಬಾಕಿ ಐತಜ್ಜೀ ಅಂತ ನೋಟ್‌ಬುಕ್ ಹಿಡಿದುಕೊಂಡು ಹಿಂದೆ ಹಿಂದೆಯೇ ಓಡಾಡುತ್ತಿದ್ದಳು. ಅಮ್ಮ ಕೈಯಲ್ಲಿದ್ದ ಹುಳು ಬಿಟ್ಟು, ನನ್ನ ಕಡೆ ತಿರುಗಿ ಗದರಿದಳು.

‘ಎಷ್ಟ್ ಸಲ ಕೇಳಾದೋ? ಉಂಡ್ರೆ ಉಣ್ಣು, ಬಿಟ್ರೆ ಬಿಡು. ಮುದ್ದೆ ಆರಿ ಕಲ್ಲಾಗೈತೆ.’

ಮಗಳು ಇದಕ್ಕೆ ಎಷ್ಟಪ್ಪಾ ಮಾರ್ಕ್ಸು ಅಂತ ಕೇಳಿದಳು. ನಾನು ಕೈ ತೊಳೆದುಕೊಳ್ಳಲು ಎದ್ದೆ.